ಚುಕ್ಕಿಯ ಹೊಟ್ಟೆಯೊಳಗಿನ ಗಡಿಯಾರ

ಹಸಿವಾದಾಗ ಊಟ ಮಾಡುವವರು, ಗಂಟೆಯಾದಾಗ ಊಟ ಮಾಡುವವರು ಎಂದು ಜನರಲ್ಲಿ ಎರಡು ಪಂಗಡ. ನಾನು ಎರಡನೆಯ ಪಂಗಡದವನು. ನಮ್ಮ ಮನೆಯಲ್ಲಿ ಈ ಪಂಗಡಕ್ಕೆ ನಾನೊಬ್ಬನೇ ಸದಸ್ಯ. ಒಂಬತ್ತನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ ಎಂದರೆ ಜನ ನನ್ನನ್ನು ಕವಿಯೋ ಏನೋ ಎಂದುಕೊಂಡು ಒಂದು ಕ್ಷಣ ಗೌರವದಿಂದ ನೋಡುತ್ತಾರೆ. ಪುಟ ತೆರೆದು ತೋರಿಸಿದರೆ ಆ ಗೌರವ ಹೊರಟುಹೋಗುತ್ತದೆ. ಕರೆಂಟು ಹೋದ ಹೊತ್ತು, ಬಂದ ಹೊತ್ತು; ಕೂಟಗಲ್ಲಿನಿಂದ ರಾಮನಗರಕ್ಕೆ ಹೋಗುವ ಬಸ್ಸು ಎಷ್ಟು ತಡ; ಕಾಫಿ ಬಿಟ್ಟೆನೆಂದು ಘೋಷಿಸಿದ ಮೇಲೆ ಅಪ್ಪ ಕುಡಿದ ಕಾಫಿಗಳ ಸಂಖ್ಯೆ. ಇರುವುದು ಇಷ್ಟೇ. ವರ್ಷದ ಕೊನೆಗೆ ಎಲ್ಲವನ್ನೂ ಕೂಡಿ, ಕೆಳಗೆ ಎರಡು ಗೆರೆ ಎಳೆದು ಮೊತ್ತ ಬರೆಯುತ್ತೇನೆ. ಇದರಿಂದ ಏನು ಸಿಗುತ್ತದೆ ಎಂದು ಕೇಳುವವರಿದ್ದಾರೆ. ಮೊತ್ತ ಸಿಗುತ್ತದೆ. ಬಿಡದಿಯ ಕಡೆ ಸಾಲಾಗಿ ಎದ್ದಿರುವ ಕಾರ್ಖಾನೆಗಳ ಪೈಕಿ ಒಂದರಲ್ಲಿ, ಬಿಡಿಭಾಗಗಳನ್ನು ಅಳೆದು ನೋಡುವ ವಿಭಾಗದಲ್ಲಿ ನನಗೆ ಕೆಲಸ. ಅಲ್ಲಿ ಒಂದು ನಟ್ಟಿಗೂ ಹುಟ್ಟಿದ ದಿನ, ಹುಟ್ಟಿದ ಪಾಳಿ ಬರೆದಿಡುತ್ತಾರೆ. ಅಲ್ಲಿ ನಾನು ಮಾದರಿ ನೌಕರ. ಮನೆಗೆ ಬಂದರೆ ಅಪ್ಪ ನನ್ನನ್ನು ಕರೆಯುವುದು "ಕ್ಯಾಲೆಂಡ್ರು" ಎಂದು. "ಲೇ ಕ್ಯಾಲೆಂಡ್ರು, ಇವತ್ತು ಯಾವ ವಾರ್ಲಾ?"

ಇಂಥ ನನಗೂ ಗೊತ್ತಿರದ ಸಂಗತಿ ಏನೆಂದರೆ, ನನಗಿಂತ ಕರಾರುವಾಕ್ಕಾದ ಗಡಿಯಾರವೊಂದು ನಮ್ಮ ಕೊಟ್ಟಿಗೆಯಲ್ಲೇ, ಒಂದು ಹಸುವಿನ ಹೊಟ್ಟೆಯೊಳಗೆ ಇತ್ತು. ಹಸುವಿನ ಹೆಸರು ಚುಕ್ಕಿ. ಕಪ್ಪು ಬಿಳಿ ಬಣ್ಣದ ಸೀಮೆ ಹಸು. ಹಣೆಯ ನಡುವೆ ರಂಗೋಲಿಯ ಬೊಟ್ಟಿನಂಥ ಬಿಳಿ ಗುರುತು. ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ತಾಯಿ ಹಸು ಬೇಗ ಸತ್ತಿದ್ದರಿಂದ ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಎರಡು ಸಲ ಕರು ಹಾಕಿದ ಮೇಲೆ ಚುಕ್ಕಿ ಮತ್ತೆ ಗಬ್ಬ ನಿಲ್ಲಲಿಲ್ಲ. ಬೆದೆಗೆ ಬಂದ ಹಸು ಕೂಗುತ್ತದೆ, ಮೇವು ಬಿಡುತ್ತದೆ, ಹಗ್ಗ ಜಗ್ಗುತ್ತದೆ. ಎದುರು ಮನೆ ಕೆಂಪಣ್ಣನ ಹಸು ಬೆದೆಗೆ ಬಂದರೆ ಬಸ್ಸಿನ ಕಂಡಕ್ಟರಿಗೂ ತಿಳಿಯುತ್ತಿತ್ತು. ಚುಕ್ಕಿ ಮಾತ್ರ ತುಟಿಪಿಟಕ್ಕೆನ್ನದು. ಇಂಥದ್ದಕ್ಕೆ ಮೂಕ ಬೆದೆ ಎನ್ನುತ್ತಾರೆ. ಬೆದೆ ಬರುತ್ತದೆ, ಹೋಗುತ್ತದೆ, ಮನೆಯವರಿಗೆ ಸುಳಿವು ಸಿಗುವುದಿಲ್ಲ. ಅವ್ವ ಅದನ್ನು ಗುಣವೆಂದೇ ವಾದಿಸುತ್ತಿದ್ದಳು. "ನಾಚ್ಕೆ ಸ್ವಭಾವ ಕಣಪ್ಪ ಅದುಕ್ಕೆ. ಬೀದಿಗೆಲ್ಲ ಕೇಳಂಗೆ ಕೂಗ್ಕಬೇಕಾ?" ಅಂದಾಜಿನ ಮೇಲೆ ಗಬ್ಬದ ಇಂಜೆಕ್ಷನ್ ಕೊಡಿಸಿದ್ದಾಯಿತು, ನಿಲ್ಲಲಿಲ್ಲ. ಹಾಲು ಇಳಿಯುತ್ತಾ ಬಂದು, ಕೊನೆಗೆ ಅಪ್ಪ ಬಿಟ್ಟೆನೆಂದ ಕಾಫಿಗೆ ಮಾತ್ರ ಸಾಕಾಗುವಷ್ಟಾಯಿತು.

ಆಷಾಢದ ಒಂದು ಬೆಳಿಗ್ಗೆ ಅಪ್ಪ ತೀರ್ಪು ಕೊಟ್ಟುಬಿಟ್ಟರು. "ಗೌರಿ ಹಬ್ಬದವರ್ಗೂ ನೋಡ್ತೀನಿ. ಅಷ್ಟ್ರೊಳ್ಗೆ ಏನೂ ದಾರಿ ಕಾಣ್ದಿದ್ರೆ ದಲ್ಲಾಳಿ ಟೆಂಪೋ ತತ್ತಾನೆ, ಹತ್ತುಸ್ಬುಡ್ತೀನಿ." ಅವ್ವ ಜಗಳವಾಡಲಿಲ್ಲ. ಅಪ್ಪನ ಜೊತೆ ಮಾತು ನಿಲ್ಲಿಸಿದಳು, ಅಷ್ಟೆ. ಆಮೇಲೆ ನಮ್ಮ ಮನೆಯಲ್ಲಿ ಮಾತೆಲ್ಲ ಚುಕ್ಕಿಯ ಮೂಲಕ ನಡೆಯತೊಡಗಿತು. ಅವ್ವ ಕೊಟ್ಟಿಗೆಯಲ್ಲಿ ನಿಂತು ಹಸುವಿನ ಬೆನ್ನು ಸವರುತ್ತಾ, "ಊಟಕ್ಕಿಕ್ಕಿದ್ದೀನಿ ಅಂತ ಹೇಳು ಚುಕ್ಕಿ, ನಿನ್ನ ಟೆಂಪೋ ಹತ್ತುಸೋರಿಗೆ" ಎನ್ನುವಳು. ಅಪ್ಪ ಜಗುಲಿಯಿಂದಲೇ, "ಸಾರಿಗೆ ಉಪ್ಪಿಲ್ಲ ಅಂತ ಹೇಳವ್ವ ಚುಕ್ಕಿ" ಎನ್ನುವರು. ಮಾತೇ ಆಡದ ಪ್ರಾಣಿಗೆ ಇಷ್ಟೊಂದು ಕೆಲಸ ಬಿದ್ದದ್ದು ಮೊದಲ ಸಲ. ನಾನು ಎರಡು ದಿನ ಇದರ ಲೆಕ್ಕ ಇಟ್ಟೆ, ಮೂರನೆಯ ದಿನ ಮನಸ್ಸಾಗಲಿಲ್ಲ. ಅವ್ವ ಹಸುವಿನ ಕಿವಿಯ ಹತ್ತಿರ ಬಾಯಿಟ್ಟು ಬೇರೇನೋ ಹೇಳುತ್ತಿದ್ದುದು ನನಗೆ ಕೇಳಿಸಿತ್ತು. ಅದು ಅಪ್ಪನಿಗೆ ಕಳಿಸಿದ ಮಾತಾಗಿರಲಿಲ್ಲ.

ಹೋಬಳಿಯ ದನದ ಆಸ್ಪತ್ರೆಗೆ ಆಗ ಒಬ್ಬರು ಹೊಸ ಡಾಕ್ಟರು ಬಂದಿದ್ದರು. ನನ್ನ ಓರಗೆಯವರು, ಮಾತು ಕಡಿಮೆ. ಮನೆಗೆ ಬಂದು, ತೋಳುದ್ದದ ಪ್ಲಾಸ್ಟಿಕ್ ಕೈಗವಸು ತೊಟ್ಟು, ಭುಜದವರೆಗೆ ಕೈ ಒಳಗಿಟ್ಟು, ಕಣ್ಣು ಮುಚ್ಚಿಕೊಂಡು ನಿಂತರು. ಹಸುವಿನೊಳಗೆ ಕೈಯಿಟ್ಟವರ ಮುಖದಲ್ಲಿ ಅಷ್ಟು ಶಾಂತಿ ಇರಬಹುದೆಂದು ನಾನು ಊಹಿಸಿರಲಿಲ್ಲ. ದೇವರ ಮುಂದೆ ನಿಂತವರೂ ಹಾಗೆ ನಿಲ್ಲುವುದಿಲ್ಲ. "ಎಲ್ಲ ಸರಿಯಾಗೇ ಇದೆ. ನಿಮಗೆ ಅದರ ಟೈಮ್ ಗೊತ್ತಾಗ್ತಾ ಇಲ್ಲ. ಗೊತ್ತಾಗೋವರೆಗೂ ಕಾಯೋ ಬದಲು, ನಾವೇ ಟೈಮ್ ಸೆಟ್ ಮಾಡೋಣ" ಎಂದರು. ಹಸುವಿಗೆ ಟೈಮ್ ಸೆಟ್ ಮಾಡುವುದು! ಕಾರ್ಖಾನೆಯ ಗೋಡೆ ಗಡಿಯಾರಕ್ಕೂ ಏಣಿ ಹಾಕಿ ಅನುಮತಿ ಕೇಳಿ ಸೆಟ್ ಮಾಡಬೇಕಾಗಿದ್ದ ನನಗೆ ಮೈ ಜುಮ್ಮೆಂದಿತು.

ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹಸುವಿನ ಅಂಡಾಶಯದಲ್ಲಿ ಸಣ್ಣ ನೀರ್ಗುಳ್ಳೆಗಳು ಅಲೆ ಅಲೆಯಾಗಿ ಏಳುತ್ತಿರುತ್ತವಂತೆ, ಅವುಗಳೊಳಗೆ ಮೊಟ್ಟೆ. ಯಾವ ಅಲೆ ಎಲ್ಲಿಗೆ ಬಂದಿದೆ ಎಂದು ಹೊರಗೆ ನಿಂತವರಿಗೆ ತಿಳಿಯದು. ಮೊದಲ ಇಂಜೆಕ್ಷನ್ ಹಳೆಯ ಅಲೆಯನ್ನು ಮುಗಿಸಿ ಹೊಸದೊಂದನ್ನು ಎಬ್ಬಿಸುತ್ತದೆ. ಅಲ್ಲೇ ಸಣ್ಣ ನೆಲ್ಲಿಕಾಯಿಯಷ್ಟು ಹಳದಿ ಗಂಟೊಂದು ಇರುತ್ತದೆ. ಆರು ಜನ ಹಿಡಿದರೂ ನಿಲ್ಲದ ಹಸುವಿನ ಇಡೀ ದೇಹಕ್ಕೆ "ತಡಿ, ಇನ್ನೂ ಹೊತ್ತಾಗಿಲ್ಲ" ಎಂದು ಹೇಳಿ ನಿಲ್ಲಿಸುವುದು ಆ ನೆಲ್ಲಿಕಾಯಿ. ಏಳು ದಿನ ಕಳೆದು ಕೊಡುವ ಎರಡನೆಯ ಇಂಜೆಕ್ಷನ್ ಅದನ್ನು ಕರಗಿಸುತ್ತದೆ. ಅಲ್ಲಿಂದ ಎರಡು ದಿನಕ್ಕೆ ಕೊಡುವ ಮೂರನೆಯದು, ಮೊಟ್ಟೆ ಹೊರಬೀಳುವ ಗಳಿಗೆಯನ್ನು ಗೊತ್ತು ಮಾಡುತ್ತದೆ. ಮಾರನೆಯ ಬೆಳಿಗ್ಗೆ ಹೋರಿಯ ಬೀಜ ಹಾಕಬೇಕು. ಹಸು ಕೂಗಲಿ, ಬಿಡಲಿ. ಬೆದೆ ಕಾಣಲಿ, ಕಾಣದಿರಲಿ. "ಎಲ್ಲ ಹಸುಗೂ ನಿಂತೇ ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ಆದರೆ ಹೊತ್ತು ತಪ್ಪಿದರೆ ನಿಲ್ಲಲ್ಲ ಅಂತ ಮಾತ್ರ ಹೇಳ್ತೀನಿ" ಎಂದರು ಡಾಕ್ಟರು.

"ಬೆದೆನೇ ಬರ್ದೆ ಇಂಜೆಕ್ಷನ್ನಾ?" ಎಂದು ಅಪ್ಪ ನಕ್ಕರು. "ಹೊಟ್ಟೆ ಹಸೀದೆ ಅನ್ನ ಇಕ್ದಂಗೆ." ಅವ್ವನಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. ಅವಳು ಇಪ್ಪತ್ತು ವರ್ಷದಿಂದ ರೇಷ್ಮೆ ಹುಳು ಸಾಕಿದವಳು. ಹುಳು ಪೊರೆ ಬಿಡಲು ಸೊಪ್ಪು ತಿನ್ನದೆ ತಲೆಯೆತ್ತಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಯಾವ ಜ್ವರ ಯಾವ ದಿನ, ಹುಳು ಹಣ್ಣಾಗಿ ಗೂಡು ಕಟ್ಟುವುದು ಯಾವ ದಿನ ಎಂದು ಅವ್ವ ಮೊಟ್ಟೆ ಹಾಳೆ ತಂದ ದಿನವೇ ಹೇಳಿಬಿಡುತ್ತಾಳೆ. "ಬೆರಳುದ್ದ ಹುಳುಕ್ಕೇ ದಿನ ಗೊತ್ತಿರ್ತದೆ. ಇಷ್ಟು ದೊಡ್ಡ ಹಸುಕ್ಕೆ ಗೊತ್ತಿರಕಿಲ್ವಾ ಅಂತ ಹೇಳು ಚುಕ್ಕಿ ಅವ್ರಿಗೆ" ಎಂದಳು.

ಇನ್ನು ದಿನ ಗೊತ್ತು ಮಾಡಬೇಕು. ಅಲೆ, ಗಂಟು, ಮೊಟ್ಟೆ ಇವೆಲ್ಲ ಸುಲಭ; ಕಷ್ಟ ಶುರುವಾದದ್ದು ನಮ್ಮ ಮನೆಯ ವಾರಗಳಿಂದ. ಸೋಮವಾರ ನಮ್ಮಲ್ಲಿ ಎತ್ತು ಕಟ್ಟುವುದಿಲ್ಲ, ಬಸವಣ್ಣನ ವಾರ. ಆ ದಿನ ದನಕ್ಕೆ ಸೂಜಿ ಚುಚ್ಚಿಸಲು ಅವ್ವ ಸುತರಾಂ ಒಪ್ಪಲಿಲ್ಲ. ಶನಿವಾರ ಮನೆದೇವರ ವಾರ, ಅಪ್ಪನಿಗೆ ಒಪ್ಪೊತ್ತಿನ ಉಪವಾಸ, ಅವರನ್ನು ಮಾತಾಡಿಸುವಂತಿಲ್ಲ. ಭಾನುವಾರ ಆಸ್ಪತ್ರೆ ಇಲ್ಲ. ಬುಧವಾರ ಡಾಕ್ಟರು ಬೇರೆ ಊರಿಗೆ ಹೋಗುವ ದಿನ. ನಾನು ಕಾರ್ಖಾನೆಯಲ್ಲಿ ಪಾಳಿ ಪಟ್ಟಿ ಹಾಕುವ ರೀತಿಯಲ್ಲೇ ಚೌಕ ಎಳೆದು, ಒಂದೊಂದೇ ವಾರ ಹೊಡೆದು ಹಾಕುತ್ತಾ ಹೋದೆ. ಕೊನೆಗೆ ಒಂದೇ ದಾರಿ ಉಳಿಯಿತು. ಮಂಗಳವಾರ ಮೊದಲನೆಯದು, ಮುಂದಿನ ಮಂಗಳವಾರ ಎರಡನೆಯದು, ಗುರುವಾರ ಸಂಜೆ ಐದಕ್ಕೆ ಮೂರನೆಯದು, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬೀಜ. ಶುಕ್ರವಾರ ಎಂದ ತಕ್ಷಣ ಅವ್ವ ಹುಬ್ಬು ಗಂಟಿಕ್ಕಿದಳು. ಆ ದಿನ ಮನೆಯಿಂದ ಏನನ್ನೂ ಹೊರಗೆ ಕೊಡುವುದಿಲ್ಲ. ಸ್ವಲ್ಪ ಯೋಚಿಸಿ, "ಕೊಡಾದೇನಿಲ್ವಲ್ಲ, ಬರಾದು ತಾನೆ. ಲಕ್ಷ್ಮಿ ವಾರ, ಬರ್ಲಿ" ಎಂದಳು. ಹಸುವಿನ ಶರೀರವನ್ನೂ ನಮ್ಮ ಪಂಚಾಂಗವನ್ನೂ ನಾನು ಒಂದೇ ಚೌಕದಲ್ಲಿ ಕೂರಿಸಿದ್ದೆ. ಅಂದು ರಾತ್ರಿ ಊಟಕ್ಕೆ ಒಂದು ಮುದ್ದೆ ಹೆಚ್ಚಾಗಿಯೇ ಇಳಿಯಿತು.

ಈ ಹೆಮ್ಮೆಯಲ್ಲಿ ನಾನು ಮರೆತದ್ದು, ಶುಕ್ರವಾರ ಎಲ್ಲರಿಗೂ ಒಳ್ಳೆಯ ದಿನ ಎಂಬುದನ್ನು. ಆ ದಿನಗಳಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ಮಾಗಡಿ ಕಡೆ ತಿಪ್ಪಸಂದ್ರದಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದೆವು. ಹೆಸರು ಸವಿತ. ಹಿರಿಯರು, ಏನಾದರೂ ಕೇಳುವುದಿದ್ದರೆ ಕೇಳಿಕೊಳ್ಳಿ ಎಂದು ನಮ್ಮಿಬ್ಬರನ್ನು ಹಿತ್ತಲಿಗೆ ಕಳಿಸಿದಾಗ ನನಗೆ ಏನು ಕೇಳಬೇಕೆಂದು ತೋಚದೆ, "ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?" ಎಂದು ಕೇಳಿದ್ದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಎಚ್ಚರ ಆದಾಗ" ಎಂದಳು. ಆ ದಿನದ ದಿನಚರಿಯಲ್ಲಿ ಇಷ್ಟೇ ಇದೆ: "ಉಪ್ಪಿಟ್ಟು, ಕೇಸರಿಬಾತು. ಎಚ್ಚರ ಆದಾಗ." ಅವಳನ್ನು ಬಿಟ್ಟರೆ ಬೇರೆ ಯಾರೂ ಬೇಡ ಎಂದು ನನಗೆ ಏಕೆ ಅನ್ನಿಸಿತೋ, ಅದನ್ನು ಯಾವ ಚೌಕದಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ.

ನಮ್ಮಲ್ಲಿ ಹೆಣ್ಣು ನೋಡಿದ ಮೇಲೆ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ. ಮನೆ ಎಂದರೆ ಗೋಡೆ, ಹೆಂಚು ಅಲ್ಲ. ಬಂದವರು ನೇರವಾಗಿ ಹಿತ್ತಲಿಗೆ ಹೋಗಿ ತಿಪ್ಪೆ ಎಷ್ಟು ದೊಡ್ಡದಿದೆ, ಕೊಟ್ಟಿಗೆಯಲ್ಲಿ ಕಟ್ಟಿರುವುದೇನು ಎಂದು ನೋಡುತ್ತಾರೆ. ಸವಿತಳ ತಾತ ದನಗಳ ವಿಷಯದಲ್ಲಿ ಬಹಳ ಹೆಸರಾದವರಂತೆ. ಅಪ್ಪ ನನ್ನನ್ನು ಕೇಳದೆ ಅವರಿಗೆ ಹೇಳಿ ಕಳಿಸಿಬಿಟ್ಟಿದ್ದರು: ಶುಕ್ರವಾರ ಬೆಳಿಗ್ಗೆ, ಹತ್ತು ಗಂಟೆಗೆ. ನಾನು ತಲೆ ಮೇಲೆ ಕೈ ಹೊತ್ತು, "ಅಪ್ಪ, ಆ ಹೊತ್ತು ಚುಕ್ಕಿದು" ಎಂದರೆ, "ನಿನ್ನ ಮದುವೆ ಮುಖ್ಯನೋ ಹಸ ಮುಖ್ಯನೋ?" ಎಂದು ಕೇಳಿದರು. ನಾನು ಉತ್ತರ ಕೊಡಲು ಒಂದು ಕ್ಷಣ ತಡಮಾಡಿದೆ. ಅಪ್ಪ ಆಮೇಲೆ ಒಂದು ವಾರ ಆ ಒಂದು ಕ್ಷಣವನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಮೂರು ಇಂಜೆಕ್ಷನ್ನುಗಳೂ ಹೊತ್ತಿಗೆ ಸರಿಯಾಗಿ ಆದವು. ಚುಕ್ಕಿಯಲ್ಲಿ ಮಾತ್ರ ಒಂದಿಷ್ಟೂ ವ್ಯತ್ಯಾಸವಿಲ್ಲ. ಗುರುವಾರ ಸಂಜೆಯೂ ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು. ಶುಕ್ರವಾರ ಬೆಳಕು ಹರಿಯುವಾಗ ನಾನು ಕೊಟ್ಟಿಗೆಗೆ ಹೋದೆ. ಚುಕ್ಕಿ ಎದ್ದು ನಿಂತಿತ್ತು. ಕೂಗಿರಲಿಲ್ಲ, ಹಗ್ಗ ಜಗ್ಗಿರಲಿಲ್ಲ. ಆದರೆ ಬಾಲದ ಕೆಳಗೆ ಗಾಜಿನ ದಾರದಂತೆ ತಿಳಿಯಾದ ಲೋಳೆ ಇಳಿಬಿದ್ದು, ಕಿಟಕಿಯಿಂದ ಬಂದ ಬೆಳಕಿಗೆ ಹೊಳೆಯುತ್ತಿತ್ತು. ಬೆದೆಯ ಗುರುತು. ಒಂದೂವರೆ ವರ್ಷದಿಂದ ನಮಗಾರಿಗೂ ತೋರಿಸದಿದ್ದದ್ದನ್ನು ಅದು ಡಾಕ್ಟರು ಹೇಳಿದ ದಿನ, ಹೇಳಿದ ಹೊತ್ತಿಗೆ ತೋರಿಸಿತ್ತು. ಸಿರಿಂಜಿನ ತುದಿಯಲ್ಲಿ ಹೋದ ನಾಲ್ಕು ಹನಿ ನೀರಿನಂಥದ್ದು, ಆ ಕತ್ತಲೆಯೊಳಗೆ ಯಾರನ್ನು ಹುಡುಕಿಕೊಂಡು ಹೋಯಿತು, ಏನೆಂದು ಹೇಳಿತು, ಅವರು ಹೇಗೆ ನಂಬಿದರು? ಕಾರ್ಖಾನೆಯಲ್ಲಿ ನಾವು ಇನ್ನೂರು ಜನ ಸೈರನ್ನು ಕೇಳಿ, ಕಾರ್ಡು ಹೊಡೆದು, ಮೇಲ್ವಿಚಾರಕರ ಬೈಗುಳ ತಿಂದು ಹೊತ್ತಿಗೆ ಬರುವುದು ಕಷ್ಟ. ಇಲ್ಲಿ ಸೈರನ್ನೂ ಇಲ್ಲ, ಕಾರ್ಡೂ ಇಲ್ಲ. ನನಗೆ ಕೈ ಮುಗಿಯಬೇಕೆನ್ನಿಸಿತು. ಸುತ್ತ ಯಾರೂ ಇಲ್ಲದ್ದರಿಂದ ಮುಗಿದೆ.

ಒಂಬತ್ತು ಗಂಟೆಗೆ ಡಾಕ್ಟರ ಫೋನು ಬಂತು. ಅವರ ಬೈಕು ಪಂಕ್ಚರ್. ನಾನು ಮೊಪೆಡ್ ತೆಗೆದುಕೊಂಡು ಓಡಿದೆ. ಹಿಂದಿನ ಸೀಟಿನಲ್ಲಿ ಡಾಕ್ಟರು, ಅವರ ತೊಡೆಯ ಮೇಲೆ ಬೀಜವಿಟ್ಟ, ಹೊಗೆಯಾಡುವಷ್ಟು ತಣ್ಣಗಿನ ಕ್ಯಾನು. ಮನೆ ಮುಟ್ಟಿದಾಗ ಹತ್ತಾಗಲು ಐದು ನಿಮಿಷ. ಜಗುಲಿಯ ಮೇಲೆ ಸವಿತಳ ತಾತ ಮತ್ತು ಅವಳ ತಂದೆ ಆಗಲೇ ಕೂತಿದ್ದರು. ತಾತನದು ದಪ್ಪ ಮೀಸೆ, ಬಿಳಿ ಪೇಟ. ಅಪ್ಪ ಇಸ್ತ್ರಿ ಮಾಡಿದ ಪಂಚೆಯುಟ್ಟು, "ಎಲ್ಡೊತ್ತೂ ಕ್ಯಾನ್ ತುಂಬ ಕರೀತೀವಿ ಕಣಣ್ಣ, ನೀವೇ ನೋಡುದ್ರಲ್ಲ ಕೆಚ್ಚಲ" ಎನ್ನುತ್ತಿದ್ದರು. ಯಾವ ಹಸುವಿನ ಮಾತು ಎಂದು ಯೋಚಿಸಲೂ ನನಗೆ ಪುರುಸೊತ್ತಿರಲಿಲ್ಲ. ನಮಸ್ಕಾರ ಹೇಳಿ ಡಾಕ್ಟರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಅವ್ವ ಬಾಗಿಲಲ್ಲೇ ಚೊಂಬಿನಲ್ಲಿ ಬೆಚ್ಚನೆ ನೀರಿಟ್ಟು, ಒಗ್ಗರಣೆ ಸೀಯುತ್ತಿದೆಯೆಂದು ಒಳಗೆ ಓಡಿದಳು. ಡಾಕ್ಟರು ಕ್ಯಾನಿನಿಂದ ಬೀಜದ ಕಡ್ಡಿ ತೆಗೆದು ಆ ನೀರಿನಲ್ಲಿ ಮುಳುಗಿಸಿ, ಸ್ಟೀಲಿನ ಉದ್ದ ಗನ್ನಿಗೆ ಹಾಕಿ, ಕೈಗವಸು ತೊಟ್ಟರು. "ಒಮ್ಮೆ ಕರಗಿತು ಅಂದರೆ ತಡ ಮಾಡೋ ಹಾಗಿಲ್ಲ. ಬಾಲ ಹಿಡ್ಕೊಳ್ಳಿ" ಎಂದರು.

ನಾನು ಬಾಲ ಹಿಡಿದೆ. ಹಸು ತಿರುಗಿ ನನ್ನನ್ನು ನೋಡಿತು. ಅದರ ಹಣೆಯ ಮೇಲೆ ಚುಕ್ಕಿ ಇರಲಿಲ್ಲ.

ಅದೇ ಗೂಟ, ಅದೇ ಹಗ್ಗ, ಅದೇ ಕಪ್ಪು ಬಿಳಿ. ಕೆಳಗೆ ಮಾತ್ರ ಕೊಡದಂಥ ಕೆಚ್ಚಲು. ಕೆಂಪಣ್ಣನ ಹಸು! ನಾನು ಮೊಪೆಡ್ ಮೇಲೆ ಹೋಗಿದ್ದ ಹೊತ್ತಿನಲ್ಲಿ ಅಪ್ಪ ಮತ್ತು ಕೆಂಪಣ್ಣ ಸೇರಿ, ತಿಪ್ಪಸಂದ್ರದವರ ಕಣ್ಣು ತುಂಬಲೆಂದು ಹಾಲು ಕರೆಯುವ ಹಸುವನ್ನು ನಮ್ಮ ಕೊಟ್ಟಿಗೆಗೂ, ಕರೆಯದ ಹಸುವನ್ನು ಅವನ ಕೊಟ್ಟಿಗೆಗೂ ಬದಲಾಯಿಸಿಬಿಟ್ಟಿದ್ದರು. "ಸಾರ್, ಇದಲ್ಲ" ಎಂದೆ. "ಏನಿದಲ್ಲ?" "ಹಸು ಇದಲ್ಲ." ಡಾಕ್ಟರು ಗನ್ನನ್ನು ನೋಡಿದರು, ನನ್ನನ್ನು ನೋಡಿದರು, ಬೆಚ್ಚಗಿರಲೆಂದು ಗನ್ನನ್ನು ಅಂಗಿಯೊಳಗೆ ಸೇರಿಸಿಕೊಂಡರು. "ನಿಮ್ಮ ಹಸು ಎಲ್ಲಿದೆ ಅಂತ ಬೇಗ ಹೇಳಿ."

ಎದುರು ಮನೆಗೆ ಹೋಗಲು ದಾರಿ ಒಂದೇ: ಜಗುಲಿಯ ಮುಂದೆ. ಸುಮ್ಮನಿದ್ದರೆ ಅಪ್ಪನ ಮಾನ ಉಳಿಯುತ್ತದೆ, ನನ್ನ ಮದುವೆಯೂ ಆಗುತ್ತದೆ. ಚುಕ್ಕಿ ಮಾತ್ರ ಟೆಂಪೋ ಹತ್ತುತ್ತದೆ. ಗಾಜಿನ ದಾರದಂಥ ಆ ಲೋಳೆ ನನ್ನ ಕಣ್ಣಿಗೆ ಕಟ್ಟಿತ್ತು. ಅಷ್ಟು ನಿಯತ್ತಾಗಿ ಹೊತ್ತಿಗೆ ಬಂದವರನ್ನು ಕಾಯಿಸುವುದು ನನ್ನ ಪಂಗಡದವನಿಗೆ ಸಾಧ್ಯವಿಲ್ಲ. ಓಡಿದೆ. ಹಿಂದೆ ಡಾಕ್ಟರು, ಒಂದು ತೋಳಿಗೆ ಪ್ಲಾಸ್ಟಿಕ್ಕು, ಅಂಗಿಯ ಕಾಲರಿನಿಂದ ಇಣುಕುವ ಗನ್ನು.

"ಏನ್ಲಾ ಅದು? ಎಲ್ಲಿಗ್ಲಾ?" ಎಂದು ಅಪ್ಪ ಕೂಗಿದರು.

"ಕೆಂಪಣ್ಣನ ಕೊಟ್ಟಿಗೆಗೆ! ಚುಕ್ಕಿ ಅಲ್ಲೈತೆ!" ಎಂದೆ.

ಅಪ್ಪ ಪಂಚೆ ಎತ್ತಿ ಕಟ್ಟಿ ನನ್ನನ್ನು ಹಿಡಿಯಲು ಬಂದರು. ಅವರ ಹಿಂದೆ, ವಿಷಯ ಏನೆಂದು ನೋಡಲು, ಕೋಲೂರಿಕೊಂಡು ತಾತ ಬಂದರು. ತಾತನನ್ನು ತಡೆಯಲು ಸವಿತಳ ತಂದೆ ಬಂದರು. ಕಡೆಗೆ ಸೌಟು ಹಿಡಿದ ಅವ್ವ. ಕೆಂಪಣ್ಣನ ಕೊಟ್ಟಿಗೆಯ ಮೂಲೆಯಲ್ಲಿ ಚುಕ್ಕಿ ನಿಂತಿತ್ತು. ಡಾಕ್ಟರು ಯಾರ ಮುಖವನ್ನೂ ನೋಡದೆ ಒಳಗೆ ಕೈಯಿಟ್ಟು, ಕಣ್ಣು ಮುಚ್ಚಿಕೊಂಡರು. ಅಷ್ಟೂ ಜನ ಸುತ್ತ ನಿಂತು ನೋಡಿದರು. ನಾನು ಹಿಡಿಯಬೇಕಾಗಿದ್ದ ಬಾಲವನ್ನು ಹಿಡಿದಿದ್ದವರು ತಾತ. ಅವರಿಗೇ ಅರಿವಿಲ್ಲದೆ ಕೈ ಹೋಗಿತ್ತು.

ಎಲ್ಲ ಮುಗಿದ ಮೇಲೆ ತಾತ ಬಾಯಿಬಿಟ್ಟರು. "ಕೂಗ್ತಾ?"

"ಇಲ್ಲ ತಾತ."

"ಕೂಗ್ಲಿಲ್ಲ, ಹಾರ್ಲಿಲ್ಲ. ಮತ್ತೆ ಹೆಂಗೆ ಗೊತ್ತಾಯ್ತು ನಿಂಗೆ, ಇದೇ ಹೊತ್ತು ಅಂತವ?"

ನಾನು ಅಲೆ, ಗಂಟು, ಮಂಗಳವಾರ, ಗುರುವಾರ ಎಲ್ಲವನ್ನೂ ಉಸಿರು ಬಿಡದೆ ಹೇಳಿದೆ. ತಾತ ಮೀಸೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿದರು. "ಹಂಗಾದ್ರೆ ಎಲ್ಡೊತ್ತೂ ಕ್ಯಾನ್ ತುಂಬೋ ಹಸ ಯಾರ್ದು?"

"ನಂದು ಕಣಣ್ಣ" ಎಂದ ಕೆಂಪಣ್ಣ, ಹೆಮ್ಮೆ ತಡೆಯಲಾರದೆ.

ಅವ್ವ ತಿಂಗಳಿನಿಂದ ಬಿಟ್ಟಿದ್ದ ಮಾತನ್ನು ಅಲ್ಲೇ, ಎಲ್ಲರ ಮುಂದೆ ಶುರು ಮಾಡಿದಳು. "ನಿಮ್ಗೇನ್ ಬಂದಿತ್ತು ದೊಡ್ರೋಗ? ಇರೋ ಹಸನ ತೋರ್ಸಕೆ ನಾಚ್ಕೆ, ಇಲ್ದೇ ಇರೋ ಹಸನ ತೋರ್ಸಕೆ ನಾಚ್ಕೆ ಇಲ್ವಾ?" ಅಪ್ಪ ಅಭ್ಯಾಸಬಲದಿಂದ, "ಸುಮ್ಕಿರಕ್ಕೆ ಹೇಳವ್ವ ಚುಕ್ಕಿ" ಎಂದುಬಿಟ್ಟರು. ತಾತನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು, ಪೇಟದ ತುದಿಯಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು. "ನೋಡು ಮಗ, ನಿಮ್ಮಪ್ಪ ತೋರ್ಸಿದ್ದು ಸುಳ್ಳು ಹಸ. ನೀನ್ ಹೇಳೋದು ನಿಜವೋ ಸುಳ್ಳೋ ನಂಗೊತ್ತಿಲ್ಲ. ಗಡಿಯಾರ ನೋಡ್ಕಂಡು ಗಬ್ಬ ನಿಲ್ಲೋ ಹಸನ ನನ್ನ ಜನ್ಮದಲ್ಲಿ ಕಂಡಿಲ್ಲ. ಇದು ನಿಂತ್ರೆ ಹೇಳ್ಕಳ್ಸು. ಹೆಣ್ಣು ಕೊಡ್ತೀವಿ. ಅಲ್ಲೀಗಂಟ ನೀವೂ ಮುಂದುವರೀಬ್ಯಾಡಿ, ನಾವೂ ಮುಂದುವರಿಯಾಕಿಲ್ಲ." ಉಪ್ಪಿಟ್ಟು ಸೀದಿತ್ತು. ಆದರೂ ತಿಂದು ಹೋದರು.

ಅಂದಿನಿಂದ ನನ್ನ ಮದುವೆ ಚುಕ್ಕಿಯ ಹೊಟ್ಟೆಯಲ್ಲಿತ್ತು. ಗೌರಿ ಹಬ್ಬ ಬಂತು, ಹೋಯಿತು. ದಲ್ಲಾಳಿ ಬಂದಾಗ ಅಪ್ಪ, "ಒಸಿ ತಡಿಯಪ್ಪ, ನಮ್ಮುಡ್ಗನ ಮದ್ವೆ ಇತ್ಯರ್ಥ ಆಗ್ಬೇಕು" ಎಂದು ಕಳಿಸಿದರು. ಅವನಿಗೆ ಏನು ಅರ್ಥವಾಯಿತೋ ಕಾಣೆ. ನಿಲ್ಲದಿದ್ದರೆ ಮೂರು ವಾರಕ್ಕೆ ಮತ್ತೆ ಬೆದೆಗೆ ಬರುತ್ತದೆಂದು ಡಾಕ್ಟರು ಹೇಳಿದ್ದರಿಂದ ಆ ವಾರ ನಾನು ಚುಕ್ಕಿಯ ಬಾಲವನ್ನು ನೋಡಿದಷ್ಟು ಕಾರ್ಖಾನೆಯ ಅಳತೆಪಟ್ಟಿಯನ್ನು ನೋಡಲಿಲ್ಲ. ಏನೂ ಕಾಣಲಿಲ್ಲ. ಆದರೆ ಮೂಕ ಹಸು. ಏನೂ ಕಾಣದಿರುವುದನ್ನು ನಂಬುವುದು ಹೇಗೆ? ತಿಪ್ಪಸಂದ್ರದಿಂದಲೂ ಸುದ್ದಿಯಿಲ್ಲ. ಎರಡು ಕಡೆಯೂ ಮೌನ. ಯಾವುದನ್ನು ಎಣಿಸಲಿ?

ಕಾರ್ತಿಕದಲ್ಲಿ ಡಾಕ್ಟರು ತಪಾಸಣೆಗೆ ಬಂದರು. ಮತ್ತೆ ಭುಜದವರೆಗೆ ಕೈ, ಮತ್ತೆ ಮುಚ್ಚಿದ ಕಣ್ಣು. ಅಪ್ಪ ಕಡ್ಡಿ ಗೀರಿ, ಬೀಡಿ ಹಚ್ಚುವುದನ್ನು ಮರೆತು ಬೆರಳು ಸುಟ್ಟುಕೊಂಡರು. ಅವ್ವ ಚುಕ್ಕಿಯ ಕುತ್ತಿಗೆಯನ್ನು ಅಪ್ಪಿ ನಿಂತಿದ್ದಳು. "ಇದೆ" ಎಂದರು ಡಾಕ್ಟರು. ಆಮೇಲೆ ಕಣ್ಣು ತೆರೆಯದೆ, ಯಾರಿಗೂ ಅಲ್ಲದಂತೆ, "ಇಲಿ ಮರಿಯಷ್ಟಿದೆ. ಕೈಗೆ ಹೀಗೆ ತಗಲಿ ಹೋಗುತ್ತೆ" ಎಂದರು. ಅವರು ದಿನಕ್ಕೆ ಹತ್ತು ಹಸು ನೋಡುವವರು. ಆದರೂ ದನಿ ಸ್ವಲ್ಪ ತಗ್ಗಿತ್ತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಹಸುವಿನ ಬೆನ್ನು ತಟ್ಟಿ, "ಅಲ್ಲಾ, ಹೊಟ್ಟೆ ಹಸೀದೆ ಅನ್ನ ಉಂಡೈತಲ್ಲ!" ಎಂದರು. ನಾನು ತಿಪ್ಪಸಂದ್ರಕ್ಕೆ ಫೋನು ಮಾಡಿದೆ. ಎತ್ತಿದ್ದು ಸವಿತ. "ನಿಂತಿದೆ" ಎಂದೆ. "ನಂಗೊತ್ತಿತ್ತು" ಎಂದಳು. "ಹೇಗೆ?" ಎಂದು ಕೇಳಿದರೆ, "ಎಲ್ಲಾದಕ್ಕೂ ಹೇಗೆ ಅಂತ ಇರುತ್ತಾ?" ಎಂದು ಫೋನಿಟ್ಟಳು.

ಮದುವೆಯ ದಿನ ಗೊತ್ತು ಮಾಡುವಾಗ ಬೀಜ ಹಾಕಿದ ಶುಕ್ರವಾರದಿಂದ ನಾನು ಎಣಿಸಿ, ಚುಕ್ಕಿ ಕರು ಹಾಕುವ ದಿನವನ್ನು ಪುರೋಹಿತರಿಗೆ ಬರೆದು ಕೊಟ್ಟೆ. ಅದರಿಂದ ಒಂದು ವಾರ ಹಿಂದಕ್ಕೆ ವೈಶಾಖದ ಮುಹೂರ್ತ ಸಿಕ್ಕಿತು. ಮದುವೆ ಮುಗಿಸಿ, ಬೀಗರೂಟ ಮುಗಿಸಿ, ಎಲ್ಲರೂ ಸುಧಾರಿಸಿಕೊಂಡ ಮೇಲೆ ಕರು. ಎಲ್ಲ ಪಟ್ಟಿಯ ಪ್ರಕಾರ. ಮನೆಯ ಮುಂದೆಯೇ ಚಪ್ಪರ ಹಾಕಿದೆವು.

ಹಸೆಮಣೆಯ ಮೇಲೆ ಕೂತಿದ್ದೆ. ಕೈಯಲ್ಲಿ ಹೊಸ ಗಡಿಯಾರ, ಮಾವನವರು ಕೊಟ್ಟದ್ದು. ಪುರೋಹಿತರು ತಾಳಿಯ ತಟ್ಟೆಯನ್ನು ಎಲ್ಲರಿಂದ ಮುಟ್ಟಿಸಿಕೊಂಡು ಬರಲು ಕಳಿಸಿದ್ದರು. ನೋಡುತ್ತೇನೆ, ಅಪ್ಪ ಇಲ್ಲ. ತಾತ ಇಲ್ಲ. ಅಷ್ಟರಲ್ಲಿ ಓಲಗದ ಮೇಲೆ, ಡೋಲಿನ ಮೇಲೆ, ಇಡೀ ಚಪ್ಪರ ನಡುಗುವ ಹಾಗೆ ಒಂದು ಕೂಗು ಎದ್ದಿತು. ಹುಟ್ಟಿದಾಗಿನಿಂದ ದನಿ ಎತ್ತದ ಚುಕ್ಕಿ ಕೂಗಿತ್ತು. ಓಲಗದವರು ನಿಲ್ಲಿಸಿಬಿಟ್ಟರು. ಮತ್ತೊಂದು ಕೂಗು. ಅವ್ವ ಧಾರೆಯ ಚೊಂಬನ್ನು ಯಾರದೋ ಕೈಗಿಟ್ಟು ಕೊಟ್ಟಿಗೆಯ ಕಡೆ ಓಡಿದಳು. ನಮ್ಮ ಗಡಿಯಾರಕ್ಕೆ ತಲೆಬಾಗಿ ಗಬ್ಬ ನಿಂತ ಹಸು, ಹೆರುವುದು ಮಾತ್ರ ತನ್ನ ಗಡಿಯಾರದ ಪ್ರಕಾರವೇ ಎಂದು ಊರಿಗೆಲ್ಲ ಸಾರುತ್ತಿತ್ತು. ಪಕ್ಕದಲ್ಲಿ ಸವಿತ ತಲೆ ತಗ್ಗಿಸಿಕೊಂಡೇ, "ಎಚ್ಚರ ಆಯ್ತು ಅಂತ ಕಾಣುತ್ತೆ" ಎಂದಳು.

ಆಮೇಲೆ ತಾಳಿ ಕಟ್ಟಿದೆ. ಓಲಗ ಮತ್ತೆ ಹತ್ತಿತು, ಅಕ್ಷತೆ ಬಿತ್ತು. ತಾತ ಮೊಣಕೈವರೆಗೆ ಒದ್ದೆಯಾದ ತೋಳುಗಳನ್ನು ಮೇಲೆತ್ತಿಕೊಂಡು ಚಪ್ಪರದೊಳಗೆ ಬಂದು, "ಹೆಣ್ಗರು! ಹತ್ತೂ ನಲವತ್ತಕ್ಕೆ! ನಾನೇ ಗಡಿಯಾರ ನೋಡ್ಕಂಡೆ, ಬರ್ಕೊಳಪ್ಪ!" ಎಂದು ಘೋಷಿಸಿದರು. ಅರ್ಧ ಚಪ್ಪರ ಊಟದ ಕಡೆಗೂ ಅರ್ಧ ಚಪ್ಪರ ಕೊಟ್ಟಿಗೆಯ ಕಡೆಗೂ ಎದ್ದಿತು. ನಾವಿಬ್ಬರೂ ಹಾರ ಹಾಕಿಕೊಂಡೇ ಹೋಗಿ ನೋಡಿದೆವು. ಕರು ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಇಟ್ಟು ನಡುಗುತ್ತಾ ನಿಲ್ಲುತ್ತಿತ್ತು. ಅದರ ಹಣೆಯ ಮೇಲೂ ಬಿಳಿ ಬೊಟ್ಟು. ಅಪ್ಪ ಅವ್ವನಿಗೆ ನೇರವಾಗಿ, ಹಸುವಿನ ಸಹಾಯವಿಲ್ಲದೆ, "ನೋಡ್ದಾ?" ಎಂದರು.

ಒಂದು ವಾರ ಕಳೆದ ಮೇಲೆ ಸವಿತ ನನ್ನ ದಿನಚರಿ ತೆಗೆದು ಮದುವೆಯ ದಿನದ ಪುಟ ಓದಿದಳು. ಹೆಣ್ಣು ಕರು, ಹತ್ತು ನಲವತ್ತು. ಎದ್ದು ನಿಂತದ್ದು ಹನ್ನೊಂದು ಇಪ್ಪತ್ತು. ಮೊದಲ ಸಲ ಹಾಲು ಕುಡಿದದ್ದು, ಹೆರಿಗೆಯ ಕಸ ಬಿದ್ದದ್ದು, ಚುಕ್ಕಿಗೆ ಬೆಲ್ಲದ ನೀರು ಕೊಟ್ಟದ್ದು, ಎಲ್ಲ ಇದೆ. ಪುಟ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, "ತಾಳಿ ಕಟ್ಟಿದ್ದು ಎಷ್ಟು ಗಂಟೆಗೆ?" ಎಂದು ಕೇಳಿದಳು. ನಾನು ಬಹಳ ಯೋಚಿಸಿದೆ. ಕೈಯಲ್ಲಿ ಹೊಸ ಗಡಿಯಾರವಿತ್ತು, ನೋಡಿಕೊಂಡಿರಲಿಲ್ಲ. ಕೂಗು ಎದ್ದು ಎಷ್ಟು ಹೊತ್ತಿಗೋ, ಕರು ಬೀಳುವುದಕ್ಕೆ ಮೊದಲೋ, ಆಮೇಲೋ ಒಂದೂ ನೆನಪಿಲ್ಲ. ಹಾಗೆಂದು ಒಪ್ಪಿಕೊಂಡೆ.

"ಬಿಡಿ, ಆದಾಗ ಆಯ್ತು" ಎಂದು ಪುಸ್ತಕ ಮುಚ್ಚಿಟ್ಟಳು.

ಆ ವರ್ಷದ ಕೊನೆಗೆ ಎಂದಿನಂತೆ ಎಲ್ಲವನ್ನೂ ಕೂಡಲು ಕೂತೆ. ಕರೆಂಟು, ಬಸ್ಸು, ಅಪ್ಪನ ಕಾಫಿ. ಮದುವೆಯ ಪುಟಕ್ಕೆ ಬಂದು ಪೆನ್ನು ನಿಂತಿತು. ಅಂದಿನಿಂದ ನನ್ನ ಮೊತ್ತ ತಾಳೆಯಾಗಿಲ್ಲ. ಈಗ ನಮ್ಮ ಮನೆಯಲ್ಲಿ ಊಟ ಹಸಿವಾದಾಗ. ನನಗೂ ಹಸಿವಾಗುತ್ತದೆ ಎಂಬುದು ಇತ್ತೀಚೆಗೆ ತಿಳಿಯುತ್ತಿದೆ. ಎಷ್ಟು ಗಂಟೆಗೆ ಎಂದು ಮಾತ್ರ ಕೇಳಬೇಡಿ.